‘ಟಿಬೆಟನ್ ಟೀ’ ಅಂದರೆ ಯಾವ ಟೀ?

ಪ್ರಶ್ನೆ: ಲಾಸಾದ ಚಹಾದಂಗಡಿಗಳ ಕುರಿತ ಒಂದು ಬರಹದ ಕನ್ನಡ ಅನುವಾದ ತಿದ್ದುತ್ತಿದ್ದೇನೆ. ‘ಚಾ ನ್ಗಾರ್ಮೊ’ ಎಂಬಲ್ಲೆಲ್ಲ ಅನುವಾದಕರು ‘ಟಿಬೆಟನ್ ಟೀ’ ಎಂದಿದ್ದಾರೆ. ಸರಿಯೇ? ಮೂಲದ ಹೆಸರನ್ನೇ ಉಳಿಸುವುದಾದರೆ ಹೇಗೆ ಬರೆಯಬೇಕು?

ಉತ್ತರ: ಸರಿಯಲ್ಲ, ಅರ್ಥ ತಿರುಗುಮುರುಗಾಗುತ್ತದೆ. ಟಿಬೆಟನ್ನರು ‘ಪೋಚಾ’, ಅಂದರೆ ಟಿಬೆಟ್ಟಿನ ಚಹಾ, ಎನ್ನುವುದು ಉಪ್ಪು–ಬೆಣ್ಣೆ ಹಾಕಿದ್ದಕ್ಕೆ. ಅದರ ಇನ್ನೊಂದು ಹೆಸರು ‘ಛಾ ಸೂಮಾ’. ಇದಕ್ಕೆ ನಮ್ಮ ‘ಕಡೆದ ಚಹಾ’ ಅಚ್ಚುಕಟ್ಟಾಗಿ ಕೂರುತ್ತದೆ. ಉದ್ದನೆಯ ಮರದ ಕೊಳವೆಯಲ್ಲಿ ಮಜ್ಜಿಗೆಯಂತೆ ಕಡೆದೇ ಮಾಡುವುದು. ನೀವು ಕೇಳಿದ ‘ಚಾ ನ್ಗಾರ್ಮೊ’ ಹಾಲು–ಸಕ್ಕರೆಯದು, 20ನೇ ಶತಮಾನದ ಮೊದಲ ಭಾಗದಲ್ಲಿ ಭಾರತ–ನೇಪಾಳದ ಕಡೆಯಿಂದ ಲಾಸಾ ಸೇರಿದ್ದು. ‘ಸಿಹಿ ಚಹಾ’ ಎಂದರೆ ಸಾಕು. ನಮಗೆ ಚಹಾ ಅಂದರೇ ಸಿಹಿ, ವಿಶೇಷಣವೇಕೆ ಅನ್ನಿಸಬಹುದು. ಅಲ್ಲಿ ಬೇಕು, ಬರೀ ‘ಛಾ’ ಅಂದರೆ ಉಪ್ಪಿನದೂ ಆಗಬಹುದು.

ಕಾಗುಣಿತ: ‘ನ್ಗ’ ಬಿಟ್ಟುಬಿಡಿ. ವರ್ಣಮಾಲೆಯಲ್ಲಿ ಬಾಯಿಪಾಠ ಮಾಡಿ ಮರೆತ ‘ಙ’ಕ್ಕೆ ಇಲ್ಲಿ ನಿಜವಾದ ಕೆಲಸವಿದೆ: ಛಾ ಙರ್ಮೋ. ಟಿಬೆಟನ್ ಲಿಪಿಯಲ್ಲಿ ಬರೆಯುವುದು ‘ಜ’, ಲಾಸಾದಲ್ಲಿ ಪದದ ಮೊದಲಲ್ಲಿ ಬಂದಾಗ ಕೇಳುವುದು ತಗ್ಗಿದ ದನಿಯ ‘ಛ’. ಎರಡನೆಯ ಅಕ್ಷರವಾದಾಗ ಮಹಾಪ್ರಾಣ ಬಿದ್ದುಹೋಗುತ್ತದೆ, ಹಾಗಾಗಿ ಪೋಚಾ. ‘ಙರ್ಮೋ’ದ ಬರಹದಲ್ಲಿ ಮುಂದೊಂದು ‘ಮ’ ಇದೆ, ಉಚ್ಚಾರಣೆಯಲ್ಲಿಲ್ಲ. ನಮ್ಮ ಉತ್ತರ ಕರ್ನಾಟಕದ ‘ಚಾ’ವೂ ಈ ‘ಛಾ’ವೂ ಒಂದೇ ಚೀನೀ ಮೂಲದವು, ‘ಟೀ’ ಮಾತ್ರ ಚೀನಾದ ಫುಜಿಯಾನ್ ಕರಾವಳಿಯಿಂದ ಡಚ್ಚರ ಹಡಗು ಹತ್ತಿ ಬಂದದ್ದು.

ಅನುವಾದದಲ್ಲಿ ‘ಮಸಾಲೆ ಚಹಾ’ ಎಂದಿದ್ದರೆ ಅದನ್ನೂ ತೆಗೆಯಿರಿ. ಛಾ ಙರ್ಮೋಗೆ ಶುಂಠಿ, ಏಲಕ್ಕಿ ಬೀಳುವುದಿಲ್ಲ. ಮುಕ್ಕಾಲು ಲೀಟರ್ ನೀರಿಗೆ 10 ಗ್ರಾಂ ಚಹಾಪುಡಿ ಹಾಕಿ ಕುದಿಸಿ ಸೋಸಬೇಕು. 70 ಗ್ರಾಂ ಹಾಲಿನ ಪುಡಿಯನ್ನು ಒಂದು ಲೋಟ ಉಗುರುಬೆಚ್ಚಗಿನ ನೀರಲ್ಲಿ ಕದಡಿ, 50–60 ಗ್ರಾಂ ಸಕ್ಕರೆಯೊಂದಿಗೆ ಡಿಕಾಕ್ಷನ್ನಿಗೆ ಬೆರೆಸಿ, ಮರಳುವ ಮುಂಚೆ ಇಳಿಸಬೇಕು. ಪುಡಿಯನ್ನು ನೇರವಾಗಿ ಕುದಿಯುವ ಡಿಕಾಕ್ಷನ್ನಿಗೆ ಸುರಿದರೆ ಹೊರಮೈ ತಕ್ಷಣ ಅಂಟಿಕೊಂಡು, ಒಳಗೆ ಒಣಪುಡಿ ಉಳಿದ ಗಂಟುಗಳಾಗುತ್ತವೆ. ಆಮೇಲೆ ಎಷ್ಟು ತಿರುವಿದರೂ ಒಡೆಯವು. ಲಾಸಾ 3,650 ಮೀಟರ್ ಎತ್ತರದಲ್ಲಿದೆ, ನೀರು ಸುಮಾರು 88 ಡಿಗ್ರಿಗೇ ಕುದಿಯುತ್ತದೆ. ಆದ್ದರಿಂದ ಮೂಲದಲ್ಲಿ ‘ಬಹಳ ಹೊತ್ತು ಕುದಿಸಿ’ ಎಂದಿದ್ದರೆ ಅದು ಅಲಂಕಾರವಲ್ಲ, ಹಾಗೆಯೇ ಉಳಿಸಿ.

ಕ್ರಿಯಾಪದವನ್ನೂ ನೋಡಿಕೊಳ್ಳಿ. ಸಲಿಗೆಯಲ್ಲಿ ‘ಛಾ ಥುಙ್’, ಗೌರವದಲ್ಲಿ ನಾಮಪದವೂ ಕ್ರಿಯಾಪದವೂ ಬದಲಾಗಿ ‘ಸೋಲ್ಚಾ ಛೋ’. ಮೊದಲನೆಯದು ‘ಚಹಾ ಕುಡಿ’. ಎರಡನೆಯದಕ್ಕೆ ‘ಚಹಾ ಕುಡಿಯಿರಿ’ ಅಂದರೆ ಬಿಗಿದಂತಾಗುತ್ತದೆ, ‘ಚಹಾ ತಗೊಳ್ಳಿ’ ಅನ್ನಿ.

ಇನ್ನೊಂದು ಹಳ್ಳ: ‘ಮೂರು ಪೌಂಡ್ ಸಿಹಿ ಚಹಾ’ ಎಂದು ಬಂದರೆ ಅದು ಹಣವೂ ಅಲ್ಲ, ಎಲೆಯ ತೂಕವೂ ಅಲ್ಲ. ಅಲ್ಲಿ ಗ್ಲಾಸಿನ ಲೆಕ್ಕವಲ್ಲದೆ ಥರ್ಮಾಸಿನ ಲೆಕ್ಕದಲ್ಲೂ ಮಾರುತ್ತಾರೆ. ಪೌಂಡ್ ಎಂಬುದು ಥರ್ಮಾಸಿನ ಅಳತೆ. ಮೂರು ಪೌಂಡಿನದು ಹೆಚ್ಚುಕಡಿಮೆ 1.4 ಲೀಟರ್.