ರಿಲೀಸ್ ಬಿಲ್ಡ್‌ನಲ್ಲಿ ಮಾತ್ರ ವಾರ್ನಿಂಗ್ ಸುರಿಮಳೆ, ಅಸರ್ಟ್ ಕಾರಣನಾ?

ಸೆಮಿಕೋಲನ್: ಸಿ ಕೋಡ್, ಜಿಸಿಸಿ ಕಂಪೈಲರ್. ಡೀಬಗ್ ಬಿಲ್ಡ್ (ದೋಷ ಹುಡುಕೋಕೆ) ಚೊಕ್ಕವಾಗಿ ಆಗತ್ತೆ. ರಿಲೀಸ್ (ಬಳಕೆದಾರರಿಗೆ ಕೊಡೋದು) ಮಾಡಿದ್ರೆ 31 ವಾರ್ನಿಂಗ್, -ವೆರರ್ (ವಾರ್ನಿಂಗನ್ನೂ ಎರರ್ ಅಂತ ನೋಡೋ ಆಯ್ಕೆ) ಇರೋದ್ರಿಂದ ಅಲ್ಲೇ ನಿಲ್ಲತ್ತೆ. ಕೋಡ್ ಒಂದಕ್ಷರ ಬದಲಾಗಿಲ್ಲ. ತಲೆ ಕೆಟ್ಟೋಗಿದೆ.

ಹಳೇ_ಲಿಂಕರ್: ಯಾವ ವಾರ್ನಿಂಗ್ ಅಂತ ಹೇಳ್ಬಾರ್ದಾ ಗುರು? ಸಿಮೇಕ್ (ಬಿಲ್ಡ್ ಟೂಲ್) ಇದ್ರೆ ರಿಲೀಸ್‌ಗೆ -ಓ3 (ಜೋರು ಆಪ್ಟಿಮೈಜೇಶನ್) ಜೊತೆ ಎನ್‌ಡೀಬಗ್ (ಅಸರ್ಟ್ ಆಫ್ ಮಾಡೋ ಮ್ಯಾಕ್ರೋ) ಕೂಡ ಸೇರಿಸತ್ತೆ. ಆಗ ಅಸರ್ಟ್ (ಷರತ್ತು ಸುಳ್ಳಾದ್ರೆ ಪ್ರೋಗ್ರಾಂ ನಿಲ್ಲಿಸೋ ತಪಾಸಣೆ) ಬರೀ ((ವಾಯ್ಡ್)0), ಅಂದ್ರೆ ಏನೂ ಮಾಡಲ್ಲ. ‘ಇಂಟ್ ರೆಟ್ = ಇನಿಟ್(); ಅಸರ್ಟ್(ರೆಟ್ == 0);’ ಅಂತಿದ್ರೆ ರೆಟ್ ಓದೋರೇ ಇಲ್ಲ, ಅನ್‌ಯೂಸ್ಡ್ ವೇರಿಯಬಲ್.

ಟ್ಯಾಬ್_ಅಲ್ಲ_ಸ್ಪೇಸ್: ಹೆಡರ್‌ನ -ಐಸಿಸ್ಟಮ್‌ನಲ್ಲಿ (ಆ ಹೆಡರ್‌ಗಳ ವಾರ್ನಿಂಗ್ ಅಡಗಿಸೋ ಆಯ್ಕೆ) ಕೊಡಿ, ಎಲ್ಲ ಮುಚ್ಕೊಳತ್ತೆ.

ಹಳೇ_ಲಿಂಕರ್: ಮುಚ್ಕೊಳಲ್ಲ. ರೆಟ್ ಡಿಕ್ಲೇರ್ ಆಗಿರೋದು ಅವರ ಸಿ ಫೈಲಲ್ಲಿ.

ಟ್ಯಾಬ್_ಅಲ್ಲ_ಸ್ಪೇಸ್: ಹಾಗಾದ್ರೆ ರೆಟ್ ಯಾಕೆ, ನೇರ ಅಸರ್ಟ್(ಇನಿಟ್() == 0) ಬರೀರಿ.

ಹಳೇ_ಲಿಂಕರ್: ದಯವಿಟ್ಟು ಬೇಡ. ರಿಲೀಸ್‌ನಲ್ಲಿ ಇನಿಟ್ ಕರೆಯೇ ಮಾಯ.

ಸೆಮಿಕೋಲನ್: ಅಂದಹಾಗೆ ಅಸರ್ಟ್ ನಮ್ಮದೇ ಹೆಡರ್. ತಪ್ಪಿದ್ರೆ ನಮ್ಮ ಫೇಲ್ ಫಂಕ್ಷನ್ ಲಾಗ್ ಬರೆದು ಅಬಾರ್ಟ್ ಮಾಡತ್ತೆ. 31ರಲ್ಲಿ 26 ಅನ್‌ಯೂಸ್ಡ್, 5 ಮೇಬಿ-ಅನ್‌ಇನಿಶಿಯಲೈಜ್ಡ್ (ಬೆಲೆ ಕೊಡದೆ ಓದಿರಬಹುದಾದ ವೇರಿಯಬಲ್).

ಪಾಯಿಂಟರ್‌ಪ್ಪ: ಇದನ್ನ ಮೊದಲೇ ಹೇಳ್ಬಾರ್ದಿತ್ತಾ! ಎನ್‌ಡೀಬಗ್ ಇದ್ದಾಗಿನ ಅಸರ್ಟ್ ಮ್ಯಾಕ್ರೋನ ((ವಾಯ್ಡ್)ಸೈಜ್‌ಆಫ್(!(ಎಕ್ಸ್))) ಮಾಡಿ. ಸೈಜ್‌ಆಫ್ ಅಳತೆ ಮಾತ್ರ ನೋಡತ್ತೆ, ಎಕ್ಸ್ (ಅಸರ್ಟ್‌ನ ಷರತ್ತು) ರನ್ ಆಗಲ್ಲ, ಆದ್ರೆ ಬಳಸಿದ ಲೆಕ್ಕ. ಆ ! ಬಿಡ್ಬೇಡಿ: ಎಕ್ಸ್ ಬಿಟ್‌ಫೀಲ್ಡ್ (ಕೆಲವೇ ಬಿಟ್‌ನ ಸ್ಟ್ರಕ್ಟ್ ಮೆಂಬರ್) ಆಗಿದ್ರೆ ಬರೀ ಸೈಜ್‌ಆಫ್ ಎರರ್ ಕೊಡತ್ತೆ.

ಉಳಿದ 5ಕ್ಕೆ ಎನ್‌ಡೀಬಗ್ ತೆಗೆದು -ಓ2 ಹಾಕಿ ನೋಡಿ. ಆ ವಾರ್ನಿಂಗ್ ಆಪ್ಟಿಮೈಜರ್ ಓಡಿದ್ರೆ ಮಾತ್ರ ಬರೋದು, -ಓ0 (ಆಪ್ಟಿಮೈಜೇಶನ್ ಇಲ್ಲದ) ಡೀಬಗ್ ಸುಮ್ಮನಿತ್ತು ಅಂದ್ರೆ ಏನೂ ಸಾಬೀತಾಗಲ್ಲ.

ಸೆಮಿಕೋಲನ್: 26 ಹೋಯ್ತು! -ಓ2ನಲ್ಲಿ ಆ 5 ಹಾಗೇ ಇವೆ.

ಪಾಯಿಂಟರ್‌ಪ್ಪ: ಫೇಲ್ ಫಂಕ್ಷನ್ ವಾಪಸ್ ಬರಲ್ಲ ಅಂತ ಜಿಸಿಸಿಗೆ ಗೊತ್ತಿಲ್ಲ, ಒಳಗಿನ ಅಬಾರ್ಟ್ ಬೇರೆ ಫೈಲಲ್ಲಿದೆ. ಹೆಡರ್‌ನ ಡಿಕ್ಲರೇಶನ್‌ಗೇ ಸಿ11ರ _ನೋರಿಟರ್ನ್ (ವಾಪಸ್ ಬರಲ್ಲ ಅನ್ನೋ ಗುರುತು) ಹಾಕಿ. ಗ್ಲಿಬ್‌ಸಿ (ಲಿನಕ್ಸ್‌ನ ಸಿ ಲೈಬ್ರರಿ) ತನ್ನ ಅಸರ್ಟ್-ಫೇಲ್‌ಗೂ ಹಾಗೇ ಮಾಡಿದೆ.

ಸೆಮಿಕೋಲನ್: ಹಾಕಿದೆ. -ಓ2 ಸ್ವಚ್ಛ. ಆದ್ರೆ ಎನ್‌ಡೀಬಗ್ ವಾಪಸ್ ಹಾಕಿದ ಕೂಡಲೇ 5ರಲ್ಲಿ 2 ಬಂತು. ಎರಡೂ ಸ್ವಿಚ್‌ನ ಡಿಫಾಲ್ಟ್‌ನಲ್ಲಿ, ಅಸರ್ಟ್(0) ಇರೋ ಕಡೆ.

ಹಳೇ_ಲಿಂಕರ್: ಅಲ್ಲಿ ಅಸರ್ಟೇ ಇಲ್ಲವಲ್ಲ, ದಾರಿ ತೆರೆದುಕೊಂಡಿದೆ. ಅಸರ್ಟ್(0) ಕೆಳಗೆ ಅಬಾರ್ಟ್() ಬರೀರಿ.

ಟ್ಯಾಬ್_ಅಲ್ಲ_ಸ್ಪೇಸ್: ಬಿಲ್ಟಿನ್-ಅನ್‌ರೀಚಬಲ್ (‘ಇಲ್ಲಿಗೆ ಬರೋದೇ ಇಲ್ಲ’ ಅಂತ ಕಂಪೈಲರ್‌ಗೆ ಕೊಡೋ ಮಾತು) ಹಾಕಿದ್ರೆ ವೇಗ.

ಪಾಯಿಂಟರ್‌ಪ್ಪ: ನೆಟ್‌ವರ್ಕಿಂದ ಬಂದ ಬೈಟ್ ಮೇಲೆ ಸ್ವಿಚ್ ಮಾಡಿದ್ರೆ ಅನ್‌ಡಿಫೈನ್ಡ್ ಬಿಹೇವಿಯರ್ (ಏನು ಬೇಕಾದ್ರೂ ಆಗಬಹುದು) ಕೂಡ ಅಷ್ಟೇ ವೇಗ.

ಟ್ಯಾಬ್_ಅಲ್ಲ_ಸ್ಪೇಸ್: ಕ್ಲ್ಯಾಂಗ್ ಕಂಪೈಲರ್‌ಗೆ ಬನ್ನಿ.

ಹಳೇ_ಲಿಂಕರ್: ಅದಕ್ಕೆ ಬೇರೆ ಥ್ರೆಡ್ ತೆಗೀರಪ್ಪ.