ಕೆಳಗಿನ ಎಲಿ ಚಲೋ ಅದಾವಲ್ಲ?

(ತಿಕೋಟಾ ಮನಿ ಗ್ರೂಪ್)

ಕಾಕಾ: *ಫಾರ್ವರ್ಡ್* ರೈತ ಬಾಂಧವರೇ, ಟು-ಫೋರ್-ಡಿ ಕಳೆನಾಶಕ ವಿಷವಲ್ಲ, ಬರೀ ಸಸ್ಯ ಹಾರ್ಮೋನು. ಕಬ್ಬು, ಗೋವಿನಜೋಳಕ್ಕೆ ತೊಂದರೆಯಿಲ್ಲ. ಪಕ್ಕದ ತೋಟದವರೂ ಹೆದರಬೇಕಿಲ್ಲ.

ಕಾಕಾ: ಎಲ್ಲಾರೂ ಓದ್ರಿ. ಕಬ್ಬಿಗೆ ಈ ಕಸದೆಣ್ಣಿ ಹೊಡದಾರಂತ ಸುಮ್ನ ಬಾಜೂಕಿನವರ ಜೋಡಿ ಜಗಳಾ ತಗದೀವಿ.

ವೈನಿ: ಮಾವಾರ, ದ್ರಾಕ್ಷಿ ತೋಟದ ಮೂಡಣ ಕಡಿ ಮೂರು ಸಾಲು ಈಗ ನೋಡಿ ಬಂದೆ. ಕುಡಿ ಎಲಿ ಬೀಸಣಿಕಿ ಮಡಚಿದಂಗ ಆಗ್ಯಾವ. ನರ ಒಂದಕ್ಕೊಂದು ಒತ್ತಿ, ಅಂಚು ಗರಗಸದ ಹಲ್ಲಿನಂಗ ಚೂಪ ಆಗ್ಯಾವ.

ಕಾಕಾ: ಕೆಳಗಿನ ಎಲಿ ಚಲೋ ಅದಾವಲ್ಲ? ಕಸದೆಣ್ಣಿ ಬಿದ್ದಿದ್ರ ಎಲ್ಲಾ ಕೆಡಬೇಕಿತ್ತು. ಇದು ವೈರಸ್ಸ.

ನಾನು: ಕಾಕಾ, ಅದು ಹಾರ್ಮೋನ್ ಹಂಗ ನಡೀತೈತಿ ಅನ್ನೋದು ಖರೆ. ಹೆದರಿಕಿ ಇರೋದ ಅದರಾಗ. ಬಳ್ಳಿದು ತನ್ನದ ಆಕ್ಸಿನ್ ಅನ್ನೋ ಬೆಳವಣಿಗಿ ಹಾರ್ಮೋನ್ ಐತಿ, ಟು-ಫೋರ್-ಡಿ ಅದರ ಸೋಗು ಹಾಕತೈತಿ. ಕೋಶದ ಗೋಡಿ ಹುಳಿ, ಪಿಎಚ್ 5.5ರ ಆಸುಪಾಸು, ಒಳಗ 7. ಹುಳಿಯೊಳಗ ಇದ್ದಾಗ ಆಕ್ಸಿನ್ ಸರಳ ಒಳಗ ಹೊಕ್ಕತೈತಿ, ಹೊಕ್ಕ ಮ್ಯಾಲ ಸಿಕ್ಕೊಂಡ ಬಿಡತೈತಿ. ಹೊರಗ ಬರಾಕ ‘ಪಿನ್’ ಅನ್ನೋ ಪ್ರೋಟೀನಿನ ಬಾಗಲಾನ ಬೇಕು. ಕಾಂಡದಾಗ ಆ ಬಾಗಲಾ ಕೋಶದ ಕೆಳಮಗ್ಗಲಿಗೆ ಇರತಾವ. ಅದಕ್ಕ ಅದು ಕುಡಿಯಿಂದ ಕೆಳಗ ತಾಸಿಗೆ ಸುಮಾರು 1 ಸೆಂ.ಮೀ. ಇಳೀತೈತಿ. ಟು-ಫೋರ್-ಡಿ ಒಳಗ ಹೊಕ್ಕತೈತಿ, ಆ ಬಾಗಲದಿಂದ ಹೊರಗ ಬೀಳೂದು ಬಾಳ ಕಡಿಮಿ. ಲಗೂ ಕರಗಂಗೂ ಇಲ್ಲ.

ಕಾಕಾ: ಕೆಳಗಿನ ಎಲಿ?

ನಾನು: ಸಕ್ಕರಿ ಹರಿಯೋ ದಾರಿ ಹಿಡದು ಅದು ಬೆಳಿಯೋ ಕುಡಿಗೇ ಹೋಗತೈತಿ. ಕೆಳಗಿನ ಎಲಿ ಬೆಳದು ಮುಗದಾವ, ಕುಡಿ ಎಲಿ ಇನ್ನೂ ಆಕಾರ ತಗೊಳ್ಳಾಕತ್ತಾವ.

ಕಾಕಾ: ಗೊನಿ ನಾವ ಜಿಎದಾಗ ಅದ್ದತೀವಲ್ಲವಾ, ಅದೂ ಹಾರ್ಮೋನ್.

ನಾನು: ಜಿಎ ಅಂದ್ರ ಜಿಬ್ಬರೆಲಿನ್, ಬ್ಯಾರೆ. ಅದನ್ನ ಗುರುತಿಸೋ ಪ್ರೋಟೀನ್ ಬ್ಯಾರೆ. ಆಕ್ಸಿನ್ ಹಿಡಿಯೋದು ಟಿಐಆರ್1, ಇದು 2005ರಾಗ ಗೊತ್ತಾತು. ಆಕ್ಸಿನ್ ನಡುವ ಅಂಟಿನಂಗ ಕುಂತು, ಬೆಳವಣಿಗಿ ಜೀನ್ ತಡದ ಹಿಡದ ಪ್ರೋಟೀನನ್ನ ಅದಕ್ಕ ಹತ್ತಿಸತೈತಿ. ತಡಿಯೋದು ನಾಶ ಆತಂದ್ರ ಜೀನ್ ಎದ್ದು ಕೆಲಸಾ ಚಾಲೂ. ಬಳ್ಳಿ ತನ್ನ ಆಕ್ಸಿನ್ ಕಡಿಮಿ ಮಾಡಿ ಆ ಕೆಲಸಾ ನಿಲ್ಲಸತೈತಿ. ಟು-ಫೋರ್-ಡಿನ ಹೆಂಗ ನಿಲ್ಲಸಬೇಕು? ಕಬ್ಬು ಇದನ್ನ ಬದಲ ಮಾಡಿ ಅರಗಿಸಿಕೊಳ್ಳತೈತಿ. ದ್ರಾಕ್ಷಿಗೆ ಆ ತಾಕತ್ತಿಲ್ಲ, ಗಾಳಿಗೆ ತೇಲಿ ಬಂದ ತುಂತುರಾನ ಸಾಕು.

ಅತ್ತಿ: ಕಸ ತಗಿಯಾಕ ಆಳ ಸಿಗವಲ್ಲವು. ಅವರರೆ ಏನ ಮಾಡಬೇಕು?

ಅಣ್ಣ: ಕಾಕಾ, ಒಂದ ಮಾತು. ಹೋದ ವಾರ ಕಬ್ಬಿನ ಹೊಲದಾಗ ಕಸದೆಣ್ಣಿ ಹೊಡದ ಪಂಪ್ ತಂದು ತೋಟಕ್ಕ ಔಷಧ ಹೊಡದೆ. ಬರೇ ನೀರಾಗ ತೊಳದಿದ್ದೆ.

ಕಾಕಾ: ಮೂಡಣ ಕಡಿ?

ಅಣ್ಣ: ಹೌದ್ರಿ. ಅಲ್ಲಿಗೇ ಟಾಕಿ ಮುಗದಿತ್ತು.

ನಾನು: ಅಣ್ಣಾ, ಬರೇ ನೀರಾಗ ಎಷ್ಟ ತೊಳದ್ರೂ ಪೈಪು, ವಾಷರದಾಗ ಉಳೀತೈತಿ. ಕಸಕ್ಕ ಒಂದು, ತೋಟಕ್ಕ ಒಂದು ಪಂಪ್ ಇರಲಿ.

ಕಾಕಾ: ಹೊಲದ ಪಂಪಿಗೆ ಕೆಂಪ ಬಣ್ಣಾ ಹಚ್ಚು. ಸಂಜೀಕ ನಾನು ಬಾಜೂಕಿನವರ ಮನಿಗೆ ಹೋಗಿ ಬರತೀನಿ.