ಅಪ್‌ಡೇಟ್: ‘ಜೋಗಕ್ಕಿಂತ’ ಮತ್ತು ‘ಜೋಗದಷ್ಟು’

ಕಾರವಾರದಲ್ಲಿ ನನ್ನ ಬಳಿ ಕನ್ನಡ ಕಲಿಯುತ್ತಿರುವ ಕೊಂಕಣಿ ಮನೆಮಾತಿನ ಗೆಳೆಯರೊಬ್ಬರ ಪ್ರಶ್ನೆಯನ್ನು ಹಿಂದೆ ಕೇಳಿದ್ದೆ: ‘ಜೋಗಕ್ಕಿಂತ’ ಎನ್ನುವಲ್ಲಿ ‘ಕ್ಕೆ’ ಬರುವುದಾದರೆ ‘ಜೋಗದಷ್ಟು’ ಎನ್ನುವಲ್ಲಿ ‘ದ’ ಏಕೆ? ಉತ್ತರಿಸಿದ ಎಲ್ಲರಿಗೂ ಧನ್ಯವಾದಗಳು.

ತಿಳಿದುಬಂದದ್ದು ಇಷ್ಟು. ‘ಇಂತ’ ಚತುರ್ಥಿ ವಿಭಕ್ತಿಯ (‘ಜೋಗಕ್ಕೆ’, ‘ನನಗೆ’) ರೂಪಕ್ಕೆ ಸೇರುತ್ತದೆ (ನನಗಿಂತ, ಶಿರಸಿಗಿಂತ), ‘ಅಷ್ಟು’ ಷಷ್ಠಿಯ (‘ಜೋಗದ’, ‘ನನ್ನ’) ರೂಪಕ್ಕೆ ಸೇರುತ್ತದೆ (ನನ್ನಷ್ಟು, ಶಿರಸಿಯಷ್ಟು). ಗುಣವಾಚಕ ಮಾತ್ರ ಎಲ್ಲಿಯೂ ಬದಲಾಗುವುದಿಲ್ಲ. ಜೋಗ ಜಲಪಾತ 253 ಮೀಟರ್, ಸಿದ್ದಾಪುರ ಕಡೆಯ ಉಂಚಳ್ಳಿ ಜಲಪಾತ 116 ಮೀಟರ್ ಇರುವುದರಿಂದ ‘ಉಂಚಳ್ಳಿಗಿಂತ ಜೋಗ ಎತ್ತರ’ ಎಂದರೂ ‘ಉಂಚಳ್ಳಿ ಜೋಗದಷ್ಟು ಎತ್ತರವಿಲ್ಲ’ ಎಂದರೂ ‘ಎತ್ತರ’ ಎತ್ತರವಾಗಿಯೇ ಉಳಿಯುತ್ತದೆ. ‘ಎಲ್ಲಕ್ಕಿಂತ’, ‘ಎಲ್ಲರಿಗಿಂತ’ ಎಂಬವೂ ಇದೇ ದಾರಿಯವು.

ನನಗೆ ಹೆಚ್ಚು ಸ್ವಾರಸ್ಯಕರವೆನಿಸಿದ್ದು ಚರ್ಚೆಯ ನಡುವೆ ಎದ್ದ ಇನ್ನೊಂದು ತೊಡಕು. ‘ಅತ್ತೆ ನನಗಿಂತ ತಂಗಿಯನ್ನು ಹೆಚ್ಚು ಹೊಗಳುತ್ತಾರೆ’ ಎಂಬ ವಾಕ್ಯಕ್ಕೆ, ನನ್ನನ್ನು ಹೊಗಳುವುದು ಕಡಿಮೆ ಎಂಬ ಅರ್ಥವೂ ನಾನು ತಂಗಿಯನ್ನು ಹೊಗಳುವುದು ಕಡಿಮೆ ಎಂಬ ಅರ್ಥವೂ ಹೊಂದುತ್ತವೆ, ಏಕೆಂದರೆ ‘ಇಂತ’ ಸೇರಿದೊಡನೆ ಕರ್ತೃ, ಕರ್ಮಗಳ ಗುರುತು ಅಳಿದುಹೋಗುತ್ತದೆ. ಮಾತಿನಲ್ಲಿ ಸಂದರ್ಭವೇ ಅರ್ಥವನ್ನು ಬಿಡಿಸುತ್ತದೆ (ಅತ್ತೆಯ ಸ್ವಭಾವ ತಿಳಿದವರಿಗೆ ಅದೂ ಬೇಕಾಗದು). ಬರವಣಿಗೆಯಲ್ಲಿ ‘ನನ್ನನ್ನು ಹೊಗಳುವುದಕ್ಕಿಂತ’ ಅಥವಾ ‘ನಾನು ಹೊಗಳುವುದಕ್ಕಿಂತ’ ಎಂದು ಬಿಡಿಸಿಯೇ ಬರೆಯುವುದು ಲೇಸು. ಗೆಳೆಯರು ಈಗ ಇಂಥ ವಾಕ್ಯಗಳನ್ನು ಎರಡೂ ಬಗೆಯಲ್ಲಿ ಬರೆದು ತೋರಿಸುತ್ತಿದ್ದಾರೆ.